ಪಾಯದಲ್ಲಿ ಲಾವಾ ಕಲ್ಲು ಸಿಕ್ಕಿದೆ, ಇಲ್ಲಿ ಮನೆ ಕಟ್ಟಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ಚಿಕ್ಕಮಗಳೂರಿನಿಂದ ಕೈಮರದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಇಳಿಜಾರು ಜಾಗದಲ್ಲಿ ಮನೆ ಶುರು ಮಾಡಿದ್ದೇವೆ. ಪಾಯ ತೆಗೆಸುವಾಗ ಒಂದು ಬದಿಯಲ್ಲಿ ಕಪ್ಪು ಹಸಿರು ಬಣ್ಣದ ಗಟ್ಟಿ ಕಲ್ಲು ಸಿಕ್ಕಿತು. ಮೈಮೇಲೆಲ್ಲ ಕಡಲೆಕಾಳು ಗಾತ್ರದ ಬಿಳಿ ಚುಕ್ಕೆಗಳಿವೆ. ಇನ್ನೊಂದು ಬದಿಯಲ್ಲಿ ಬರೀ ಕೆಂಪು ಮಣ್ಣು, ನಡುವೆ ಒಂದು ದೊಡ್ಡ ಗುಂಡುಬಂಡೆ. ನಮ್ಮ ಭಾವ ಬಂದು ನೋಡಿ, ‘ಇದು ಲಾವಾ. ಚಂದ್ರದ್ರೋಣ ಬೆಟ್ಟವೇ ಹಳೇ ಜ್ವಾಲಾಮುಖಿಯ ಬಾಯಿ, ಇಲ್ಲಿ ಮನೆ ಬೇಡ’ ಅಂದರು. ಗೋಡೆಗೆ ಹಾಸನದ ಕಡೆಯಿಂದ ಸೈಜುಗಲ್ಲು ತರಿಸಿದ್ದೇವೆ. ಅದರಲ್ಲಿ ಕಪ್ಪು ಬಿಳಿ ಪಟ್ಟೆಗಳಿವೆ. ಎಂಟನೇ ಕ್ಲಾಸಿನ ಮಗಳು, ‘ಪದರ ಇದ್ದರೆ ಕಣಶಿಲೆ, ಅದು ಮೆತ್ತಗಿರುತ್ತೆ ಅಂತ ಪುಸ್ತಕದಲ್ಲಿದೆ’ ಅನ್ನುತ್ತಾಳೆ. ಮೇಸ್ತ್ರಿ ಮಾತ್ರ ಎಲ್ಲವೂ ಗಟ್ಟಿ ಕಲ್ಲೇ, ಸುಮ್ನೆ ಹೆದರಬೇಡಿ ಎಂದರು. ಬೋರ್ ಕೊರೆಯುವವರು ಗ್ರಾನೈಟ್ ಬಂದರೆ ನೀರಿಲ್ಲ ಎಂದಿದ್ದಾರೆ. ಅಡುಗೆಮನೆ ಕಟ್ಟೆಗೆ ಕಡಪ ಕಲ್ಲು ಹಾಕಬೇಕಾ, ಗ್ರಾನೈಟಾ ಎನ್ನುವುದೂ ತೀರ್ಮಾನವಾಗಿಲ್ಲ. ಯಾರ ಮಾತು ನಂಬುವುದು? ಫೋಟೊ ಕಳಿಸಿದ್ದೇನೆ.
— ಓದುಗರೊಬ್ಬರು, ಚಿಕ್ಕಮಗಳೂರು ತಾಲ್ಲೂಕು

ಉತ್ತರ: ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟುವಾಗ ಪಾಯದಲ್ಲಿ ‘ಲಾವಾ’ ಸಿಕ್ಕಿತು ಎಂದರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಲಾವಾದಿಂದ ನಿಮಗೆ ಏನೂ ಅಪಾಯವಿಲ್ಲ. ಎಚ್ಚರ ಬೇಕಾಗಿರುವುದು ಪಾಯದ ಇನ್ನೊಂದು ಬದಿಯ ಕೆಂಪು ಮಣ್ಣಿನ ವಿಷಯದಲ್ಲಿ. ಅದರ ಬಗ್ಗೆ ನಿಮಗೆ ಯಾರೂ ಏನೂ ಹೇಳಿಲ್ಲ, ಅಲ್ವಾ?

ಭಾವನವರ ಮಾತಿನಲ್ಲಿ ಅರ್ಧ ನಿಜವಿದೆ. ಫೋಟೊದಲ್ಲಿರುವ ಕಪ್ಪು ಹಸಿರು ಕಲ್ಲು ಲಾವಾದಿಂದಲೇ ಆದದ್ದು. ಬಿಳಿ ಚುಕ್ಕೆಗಳೇ ಅದಕ್ಕೆ ಸಾಕ್ಷಿ. ಕರಗಿದ ಬಂಡೆ ನೆಲದ ಮೇಲೆ ಹರಿಯುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಮೇಲಕ್ಕೆ ಬರುತ್ತದೆ. ಮೇಲ್ಮೈ ಬೇಗ ಗಟ್ಟಿಯಾದರೆ ಗುಳ್ಳೆಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಆಮೇಲೆ ಬಿಸಿನೀರು ಆ ತೂತುಗಳಲ್ಲಿ ಓಡಾಡಿ ಬೆಣಚು, ಕ್ಯಾಲ್ಸೈಟ್‌ನಂಥ ಖನಿಜಗಳನ್ನು ತುಂಬುತ್ತದೆ. ನಿಮ್ಮ ಕಡಲೆಕಾಳು ಚುಕ್ಕೆಗಳು ಹೀಗೆ ತುಂಬಿಕೊಂಡ ಗುಳ್ಳೆಗಳು.

ಆದರೆ ಇದು ನಡೆದದ್ದು ಯಾವಾಗ? ಚಂದ್ರದ್ರೋಣ ಅಥವಾ ಬಾಬಾಬುಡನ್ ಸಾಲಿನ ಈ ಲಾವಾಗಳ ವಯಸ್ಸು ಸುಮಾರು 290 ಕೋಟಿ ವರ್ಷ. ಆಗ ಭೂಮಿಯ ಮೇಲೆ ಗಿಡ ಮರ ಇರಲಿಲ್ಲ, ಪ್ರಾಣಿಗಳಿರಲಿಲ್ಲ, ಗಾಳಿಯಲ್ಲಿ ಆಮ್ಲಜನಕವೂ ಇರಲಿಲ್ಲ ಎನ್ನುವಷ್ಟು ಕಡಿಮೆ. ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷವಾಯಿತು ಎನ್ನುತ್ತಾರಲ್ಲ, ನಿಮ್ಮ ಪಾಯದ ಕಲ್ಲಿಗೆ ಹೋಲಿಸಿದರೆ ಅದು ತೀರಾ ಈಚಿನ ಸಂಗತಿ. ಆ ಲಾವಾವನ್ನು ಉಕ್ಕಿಸಿದ ಬಿರುಕುಗಳು ಎಂದೋ ಮುಚ್ಚಿ, ಬಂಡೆಯಾಗಿ, ಮಡಚಿ, ಸವೆದು ಹೋಗಿವೆ. ಮತ್ತೆ ಉಕ್ಕಲು ಅಲ್ಲಿ ಏನೂ ಉಳಿದಿಲ್ಲ. ಭಾರತದ ನೆಲದಲ್ಲಿ ಇಂದು ಜೀವಂತವಾಗಿರುವ ಜ್ವಾಲಾಮುಖಿ ಒಂದೇ, ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದ್ದು.

ಇದರ ಹಿಂದೆ ಇನ್ನೊಂದು ತಪ್ಪು ಕಲ್ಪನೆಯೂ ಇದೆ. ನಮ್ಮ ಕಾಲ ಕೆಳಗೆ ಎಲ್ಲ ಕಡೆ ಲಾವಾ ಕುದಿಯುತ್ತಿದೆ, ಮೇಲೆ ತೆಳುವಾದ ಚಿಪ್ಪಿದೆ, ಎಲ್ಲಾದರೂ ಬಿರುಕು ಬಿಟ್ಟರೆ ಉಕ್ಕುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಭೂಮಿಯ ಹೊರಚಿಪ್ಪಿನ ಕೆಳಗಿರುವ ದಪ್ಪ ಭಾಗ, ಸುಮಾರು 2,900 ಕಿಲೋಮೀಟರ್ ಆಳದವರೆಗೂ, ಹೆಚ್ಚುಕಡಿಮೆ ಗಟ್ಟಿ ಬಂಡೆಯೇ. ಬಿಸಿ ಜಾಸ್ತಿ ಇದ್ದರೂ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಕೆಲವು ಕಡೆ ಆ ಒತ್ತಡ ಇಳಿದಾಗ, ಇಲ್ಲವೇ ಬಂಡೆಗೆ ನೀರು ಸೇರಿ ಕರಗುವ ಉಷ್ಣಾಂಶ ತಗ್ಗಿದಾಗ, ಬಂಡೆಯ ಸ್ವಲ್ಪ ಅಂಶ ಮಾತ್ರ ಕರಗುತ್ತದೆ. ಒಳಗಿರುವಾಗ ಅದು ಮ್ಯಾಗ್ಮಾ, ಹೊರಗೆ ಹರಿದಾಗ ಲಾವಾ. ಅದು ಆರಿ ಗಟ್ಟಿಯಾದದ್ದೇ ಅಗ್ನಿಶಿಲೆ.

ಅಗ್ನಿಶಿಲೆಯ ಗುಂಪು ಮಾಡುವಾಗ ಭೂವಿಜ್ಞಾನಿಗಳು ಎರಡು ವಿಷಯ ನೋಡುತ್ತೇವೆ. ಒಂದು, ಎಲ್ಲಿ ಆರಿತು. ಎರಡು, ಯಾವ ಪದಾರ್ಥದಿಂದ ಆಯಿತು. ಎಲ್ಲಿ ಆರಿತು ಎನ್ನುವುದು ಹರಳಿನ ಗಾತ್ರದಲ್ಲಿ ಕಾಣುತ್ತದೆ. ಸಕ್ಕರೆ ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ದಪ್ಪ ಕಲ್ಲುಸಕ್ಕರೆಯಾಗುತ್ತದೆ, ಬೇಗ ಆರಿಸಿದರೆ ಸಣ್ಣ ಹರಳು. ಬಂಡೆಯಲ್ಲೂ ಹೀಗೆಯೇ. ಕೆಲವು ಕಿಲೋಮೀಟರ್ ಆಳದಲ್ಲಿ ಸಾವಿರಾರು, ಲಕ್ಷಾಂತರ ವರ್ಷ ಆರಿದ ಬಂಡೆಯಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಗ್ರಾನೈಟ್ ಅಂಥದ್ದು. ಒಂದು ತುಂಡನ್ನು ಬಿಸಿಲಿಗೆ ಹಿಡಿಯಿರಿ. ಗಾಜಿನಂತೆ ಕಾಣುವುದು ಬೆಣಚು. ಬಿಳಿ ಅಥವಾ ಗುಲಾಬಿ ಬಣ್ಣದ, ಚಪ್ಪಟೆಯಾಗಿ ಹೊಳೆಯುವುದು ಫೆಲ್ಡ್‌ಸ್ಪಾರ್. ಮಿಣಮಿಣ ಎನ್ನುವ ಕಪ್ಪು ಚೂರು ಕಾಗೆಬಂಗಾರ. ನೆಲದ ಮೇಲೆ ಹರಿದು ಕೆಲವು ದಿನ, ಕೆಲವು ತಿಂಗಳಲ್ಲಿ ಆರಿದ ಬಸಾಲ್ಟ್‌ನಲ್ಲಿ ಹರಳುಗಳನ್ನು ನೋಡಲು ಸೂಕ್ಷ್ಮದರ್ಶಕವೇ ಬೇಕು. ಇವೆರಡರ ನಡುವೆ ಬಿರುಕುಗಳಲ್ಲಿ ನುಗ್ಗಿ ಆರಿದ ಡಾಲರೈಟ್ ಇದೆ. ಹಾಸನ, ಚಿಕ್ಕಮಗಳೂರಿನ ಬಯಲುಗಳಲ್ಲಿ ಕಪ್ಪು ಗುಂಡುಗಲ್ಲುಗಳು ನೇರ ಸಾಲಾಗಿ ದೂರದವರೆಗೆ ಹೋಗಿರುವುದನ್ನು ನೀವು ನೋಡಿರಬಹುದು. ಯಾರೋ ಜೋಡಿಸಿಟ್ಟಿದ್ದಲ್ಲ, ಹಳೆಯ ಬಿರುಕಿನಲ್ಲಿ ಡಾಲರೈಟ್ ಗೋಡೆಯಂತೆ ನಿಂತಿರುವುದು ಅದು.

ಪದಾರ್ಥದ ವಿಷಯದಲ್ಲಿ ಮುಖ್ಯ ಅಳತೆ ಸಿಲಿಕಾ, ಅಂದರೆ ಬೆಣಚು ಆಗಿರುವ ಪದಾರ್ಥ. ಗ್ರಾನೈಟ್‌ನಲ್ಲಿ ಸಿಲಿಕಾ ಶೇಕಡಾ 70ರ ಆಸುಪಾಸು ಇರುತ್ತದೆ, ಬಣ್ಣ ತಿಳಿ. ಬಸಾಲ್ಟ್‌ನಲ್ಲಿ ಶೇಕಡಾ 50ರ ಸುತ್ತ, ಕಬ್ಬಿಣ ಮತ್ತು ಮೆಗ್ನೀಸಿಯಂ ಜಾಸ್ತಿ, ಬಣ್ಣ ಕಪ್ಪು, ಕೈಗೆ ಭಾರ. ಒಂದೇ ಪದಾರ್ಥ ಬೇರೆ ಬೇರೆ ಕಡೆ ಆರಿದರೆ ಹೆಸರೂ ಬೇರೆಯಾಗುತ್ತದೆ. ಗ್ರಾನೈಟಿನ ಪದಾರ್ಥವೇ ಹೊರಗೆ ಹರಿದು ಆರಿದರೆ ರಯೊಲೈಟ್, ಬಸಾಲ್ಟಿನ ಪದಾರ್ಥವೇ ಆಳದಲ್ಲಿ ಆರಿದರೆ ಗ್ಯಾಬ್ರೊ. ಸಿಲಿಕಾ ಶೇಕಡಾ 45ಕ್ಕಿಂತ ಕಡಿಮೆ ಇರುವ, ತುಂಬಾ ಭಾರದ ಬಂಡೆಗಳೂ ಇವೆ. ಅದಕ್ಕೆ ಉದಾಹರಣೆ ಹಾಸನ ಜಿಲ್ಲೆಯಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸುತ್ತ, ಬೈರಾಪುರದ ಗಣಿಯಲ್ಲಿ ತೆಗೆದ ಕ್ರೋಮೈಟ್, ಅಂದರೆ ಕ್ರೋಮಿಯಂ ಲೋಹದ ಅದಿರು, ಇಂಥ ಬಂಡೆಯಲ್ಲಿ ಸಿಗುತ್ತದೆ. ಮ್ಯಾಗ್ಮಾ ಆರುವಾಗ ಮೊದಲು ಹುಟ್ಟಿದ ಭಾರದ ಹರಳುಗಳು ತಳಕ್ಕೆ ಇಳಿದು ಒಂದೆಡೆ ಸೇರಿಕೊಳ್ಳುತ್ತವೆ, ಅದೇ ಅದಿರಿನ ಪಟ್ಟಿ.

ಈಗ ಬೆಟ್ಟದ ಮಾತು. ಚಂದ್ರದ್ರೋಣ ಸಾಲು ಲಾಳದ ಆಕಾರದಲ್ಲಿದೆ, ಒಳಗೆ ಜಾಗರ ಕಣಿವೆ ಇದೆ. ಮೇಲಿನಿಂದ ನೋಡಿದರೆ ಜ್ವಾಲಾಮುಖಿಯ ಬಾಯಿ ಅನ್ನಿಸುವುದು ಸಹಜ. ಆದರೆ ಇದು ಆದ ರೀತಿಯೇ ಬೇರೆ. ಒಂದರ ಮೇಲೊಂದು ಕೂತಿದ್ದ ಬಂಡೆಯ ಪದರಗಳು ಅಕ್ಕಪಕ್ಕದ ಒತ್ತಡಕ್ಕೆ ಬಾಗಿ ಮಡಚಿಕೊಂಡವು. ಆಮೇಲೆ ಕೋಟ್ಯಂತರ ವರ್ಷ ಮಳೆ, ಹೊಳೆ ಸವೆಸಿದವು. ಮೆತ್ತಗಿದ್ದ ಭಾಗ ಕಣಿವೆಯಾಯಿತು, ಗಟ್ಟಿ ಪದರಗಳ ಅಂಚು ಲಾಳದಂತೆ ಎದ್ದು ನಿಂತಿತು.

ಆ ಗಟ್ಟಿ ಪದರ ಲಾವಾ ಅಲ್ಲ ಎನ್ನುವುದು ನನಗೆ ಈ ಬೆಟ್ಟದಲ್ಲಿ ಅತ್ಯಂತ ಇಷ್ಟದ ಸಂಗತಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ, ನೀರಿನ ತಳದಲ್ಲಿ ಕೂತ ಕೆಸರಿನಿಂದಾದ ಕಬ್ಬಿಣದ ಪಟ್ಟೆ ಕಲ್ಲನ್ನು ತಲೆಯ ಮೇಲೆ ಹೊತ್ತಿದೆ. ಆ ಕಾಲದ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದರಿಂದ ಅದು ತುಕ್ಕು ಹಿಡಿಯದೆ ಕರಗಿಯೇ ಇರಲು ಸಾಧ್ಯವಾಯಿತು. ಸ್ವಲ್ಪ ಸ್ವಲ್ಪವಾಗಿ ಅದು ಗಟ್ಟಿಯಾಗಿ ತಳಕ್ಕೆ ಕೂತಾಗ ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಸಿಲಿಕಾ, ಮತ್ತೆ ಕಬ್ಬಿಣ, ಹೀಗೆ ಬೆಳೆಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಹೋಗುತ್ತಿದ್ದ ಅದಿರು ಈ ಬಗೆಯ ಪದರಗಳದ್ದು. 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಕುದುರೆಮುಖದ ಅದಿರೂ ಅದೇ ಜಾತಿಯದು. ಮಗಳಿಗೆ ಒಂದು ಅಯಸ್ಕಾಂತ ಕೊಡಿ. ಗಿರಿಯ ದಾರಿಯಲ್ಲಿ ಬಿದ್ದಿರುವ ಪಟ್ಟೆ ಕಲ್ಲಿಗೆ ಅದು ಅಂಟಿಕೊಂಡರೆ, ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇದೆ ಎಂದರ್ಥ.

ಇನ್ನು ಕೆಳಗೆ ಬನ್ನಿ. ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆ, ಕಳಸಾಪುರದ ಕಡೆ ಈ ಇಡೀ ರಾಶಿಯ ತಳದ ಪದರ ಹೊರಗೆ ಕಾಣುತ್ತದೆ. ಅದು ನುಣ್ಣನೆ ಬೆಣಚುಗಲ್ಲುಗಳು ಮರಳಿನೊಂದಿಗೆ ಅಂಟಿ ಬಂಡೆಯಾದ ಕಲ್ಲು. ಕಲ್ಲು ಹೀಗೆ ನುಣ್ಣಗೆ ದುಂಡಾಗಬೇಕಾದರೆ ನೀರಿನಲ್ಲಿ ಉರುಳಿರಲೇಬೇಕು. ಅಂದರೆ ಅಲ್ಲಿ ನದಿ ಹರಿದಿತ್ತು. ಆ ನದಿಗೆ ಬೆಣಚು ಸಿಕ್ಕಿದ್ದು ಇನ್ನೂ ಹಳೆಯ ಗ್ರಾನೈಟ್ ಒಡೆದು ಪುಡಿಯಾಗಿ. ಅದರ ಮೇಲೆ ಲಾವಾ ಹರಿಯಿತು, ಲಾವಾದ ನಡುನಡುವೆ ಮರಳು ಕೂತಿತು, ಕೊನೆಗೆ ಕಬ್ಬಿಣದ ಕೆಸರು. ಚಿಕ್ಕಮಗಳೂರು ಪೇಟೆಯಿಂದ ಗಿರಿಗೆ ಹತ್ತುವವರು ಅಗ್ನಿಶಿಲೆ, ಕಣಶಿಲೆ ಎರಡನ್ನೂ ಸರದಿಯಲ್ಲಿ ದಾಟಿಕೊಂಡೇ ಹೋಗುತ್ತಾರೆ. ನಿಮ್ಮ ಸೈಟು ಲಾವಾ ಪದರದ ಮೇಲೆ ಕೂತಿದೆ, ಅಷ್ಟೇ.

ಕಣಶಿಲೆಯ ಬಗ್ಗೆ ಮಗಳು ಓದಿರುವುದು ಒಂದು ಮಟ್ಟಿಗೆ ಸರಿಯೇ, ಆದರೆ ಅಲ್ಲಿಗೆ ನಿಲ್ಲಿಸಬಾರದು. ಹಳೆಯ ಬಂಡೆ ಬಿಸಿಲು, ಮಳೆ, ಬೇರುಗಳಿಂದ ಒಡೆಯುತ್ತದೆ. ಚೂರುಗಳನ್ನು ನೀರು, ಗಾಳಿ ಹೊತ್ತೊಯ್ದು ತಗ್ಗಿನಲ್ಲಿ ಕೂರಿಸುತ್ತವೆ. ಮೇಲೆ ಮೇಲೆ ಕೂತ ಭಾರಕ್ಕೆ ಕೆಳಗಿನದು ಒತ್ತಿಕೊಳ್ಳುತ್ತದೆ. ಕಣಗಳ ಸಂದಿನಲ್ಲಿ ಹರಿಯುವ ನೀರು ಸಿಲಿಕಾ, ಸುಣ್ಣ, ಕಬ್ಬಿಣದ ತುಕ್ಕು ಬಿಟ್ಟು ಅವನ್ನು ಅಂಟಿಸುತ್ತದೆ. ಇವುಗಳ ವಿಂಗಡಣೆ ಕಣದ ಗಾತ್ರದಿಂದ. 2 ಮಿಲಿಮೀಟರ್‌ಗಿಂತ ದೊಡ್ಡ ಚೂರುಗಳಿದ್ದರೆ ಕರ್ತಿಕೆರೆಯಂಥ ಉಂಡೆಗಲ್ಲಿನ ಬಂಡೆ. ಅದಕ್ಕಿಂತ ಸಣ್ಣ, ಕೈಗೆ ಮರಮರ ಎನ್ನುವ ಕಣಗಳಿದ್ದರೆ ಮರಳುಗಲ್ಲು, ಬಾದಾಮಿಯದು ಅದೇ. ಕಣವೇ ಗೊತ್ತಾಗದ ಜೇಡಿಯಿಂದಾದರೆ ಜೇಡಿಶಿಲೆ. ಒಡೆದ ಚೂರುಗಳಿಂದ ಅಲ್ಲದೆ ನೀರಿನಲ್ಲಿ ಕರಗಿದ್ದು ಗಟ್ಟಿಯಾಗಿ ಕೂತು ಅಥವಾ ಜೀವಿಗಳ ಚಿಪ್ಪಿನಿಂದ ಆಗುವ ಗುಂಪು ಬೇರೆ. ಸುಣ್ಣದ ಕಲ್ಲು, ಕಲ್ಲುಪ್ಪು, ನಮ್ಮ ಗಿರಿಯ ಕಬ್ಬಿಣದ ಪಟ್ಟೆ ಕಲ್ಲು ಎಲ್ಲ ಇದಕ್ಕೆ ಸೇರುತ್ತವೆ. ಕಲ್ಲಿದ್ದಲು ಸಸ್ಯಗಳಿಂದ ಆದದ್ದು. ಎಲ್ಲ ಕಣಶಿಲೆಯೂ ಮೆತ್ತಗಿರುತ್ತದೆ ಎನ್ನುವುದೂ ನಿಜವಲ್ಲ. ಸಿಲಿಕಾ ಅಂಟಿನ ಮರಳುಗಲ್ಲು ಎಷ್ಟೋ ಗ್ರಾನೈಟ್‌ಗಳಷ್ಟೇ ಗಟ್ಟಿ.

ಹಾಸನದ ಕಡೆಯ ನಿಮ್ಮ ಪಟ್ಟೆ ಸೈಜುಗಲ್ಲು ಕಣಶಿಲೆ ಅಲ್ಲ. ಅದು ನೈಸ್, ಮೂರನೇ ಗುಂಪಿನ ರೂಪಾಂತರ ಶಿಲೆ. ಗ್ರಾನೈಟ್ ಜಾತಿಯ ಬಂಡೆ ಆಳದಲ್ಲಿ ವಿಪರೀತ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಾಗ, ಪೂರ್ತಿ ಕರಗದೆಯೇ, ಕಪ್ಪು ಖನಿಜಗಳು ಒಂದು ಸಾಲಿಗೆ, ಬಿಳಿ ಖನಿಜಗಳು ಇನ್ನೊಂದು ಸಾಲಿಗೆ ಸೇರಿಕೊಳ್ಳುತ್ತವೆ. ನೀರಿನಲ್ಲಿ ಕೂತ ಪದರಕ್ಕೂ ಇದಕ್ಕೂ ಸಂಬಂಧವಿಲ್ಲ. ಗುರುತಿಸುವುದು ಕಷ್ಟವೇನಲ್ಲ. ನೈಸ್‌ನ ಪಟ್ಟೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇರುತ್ತದೆ, ಎಷ್ಟೋ ಸಲ ಸುರುಳಿ ಸುತ್ತಿರುತ್ತದೆ. ಹರಳುಗಳು ಒಂದರೊಳಗೊಂದು ಹೆಣೆದಿರುತ್ತವೆ. ಉಗುರಿನಿಂದ ಕೆರೆದರೆ ಒಂದು ಕಣವೂ ಉದುರುವುದಿಲ್ಲ. ಕಣಶಿಲೆಯಲ್ಲಾದರೆ ದುಂಡಗಿನ ಬಿಡಿ ಕಣಗಳು ಕಾಣುತ್ತವೆ, ಪದರದಿಂದ ಪದರಕ್ಕೆ ಕಣದ ಗಾತ್ರ ಬದಲಾಗುತ್ತದೆ. ಗೊರೂರಿನ ಹತ್ತಿರದ ನೈಸ್‌ಗೆ ಸುಮಾರು 330 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ದಕ್ಷಿಣ ಭಾರತದ ಅತಿ ಹಳೆಯ ಬಂಡೆಗಳ ಸಾಲಿಗೆ ಅದು ಸೇರುತ್ತದೆ. ಗೋಡೆಗೆ ಅದಕ್ಕಿಂತ ಒಳ್ಳೆಯ ಕಲ್ಲು ಬೇಕಿಲ್ಲ.

ಪಟ್ಟೆ ನೋಡಿ ಮೋಸ ಹೋಗುವುದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳೇ ಅಲ್ಲ ಎಂದು ಅವಳಿಗೆ ಹೇಳಿ. ಹದಿನೆಂಟನೇ ಶತಮಾನದಲ್ಲಿ ಜರ್ಮನಿಯಲ್ಲಿ ಭೂವಿಜ್ಞಾನದ ದೊಡ್ಡ ಮೇಷ್ಟ್ರಾಗಿದ್ದ ವರ್ನರ್, ಗ್ರಾನೈಟ್ ಬಸಾಲ್ಟ್ ಎಲ್ಲವೂ ಸಮುದ್ರದ ನೀರಿನಿಂದ ಕೂತ ಬಂಡೆಗಳೇ ಎಂದು ಕಲಿಸುತ್ತಿದ್ದರು. ಯುರೋಪಿನ ಬಹುಪಾಲು ಪಂಡಿತರು ಒಪ್ಪಿಕೊಂಡಿದ್ದರು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಗೆ ಹೋಗಿ, ಗ್ರಾನೈಟ್ ಸುತ್ತಲಿನ ಬಂಡೆಯ ಬಿರುಕುಗಳೊಳಗೆ ನುಗ್ಗಿರುವುದನ್ನು ತೋರಿಸಿದರು. ನುಗ್ಗಬೇಕಾದರೆ ಅದು ಆಗ ಕರಗಿದ ಸ್ಥಿತಿಯಲ್ಲಿ ಇದ್ದಿರಬೇಕು, ಅಲ್ವಾ? ಪುಸ್ತಕದ ಜೊತೆಗೆ ಕಲ್ಲನ್ನೂ ನೋಡುವ ಅಭ್ಯಾಸ ಅವಳಿಗೆ ಈಗಲೇ ಆಗಲಿ.

ಇಷ್ಟು ಹೇಳಿದ ಮೇಲೆ ನಿಜವಾದ ಅಪಾಯಕ್ಕೆ ಬರುತ್ತೇನೆ. ನಿಮ್ಮ ಪಾಯದ ಒಂದು ಬದಿ ಗಟ್ಟಿ ಬಂಡೆಯ ಮೇಲಿದೆ, ಇನ್ನೊಂದು ಬದಿ ಮಣ್ಣಿನ ಮೇಲೆ. ಮನೆ ಎದ್ದ ಮೇಲೆ ಬಂಡೆಯ ಬದಿ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಮಣ್ಣಿನ ಬದಿ ಮಳೆಗಾಲಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಎರಡೂ ಸೇರುವ ಕಡೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಮಲೆನಾಡಿನಲ್ಲಿ ನಾನು ನೋಡಿದ ಬಿರುಕು ಬಿಟ್ಟ ಮನೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ. ಆ ಬಿರುಕಿಗೆ ಆಮೇಲೆ ಸಿಮೆಂಟ್ ಮೆತ್ತಿದರೆ ಪ್ರಯೋಜನವಿಲ್ಲ.

ಆ ಗುಂಡುಬಂಡೆಯನ್ನೂ ನಂಬಬೇಡಿ. ಬಂಡೆ ಬಿರುಕುಗಳ ಉದ್ದಕ್ಕೂ ಕೊಳೆತು ಮಣ್ಣಾಗುವಾಗ ನಡುವಿನ ಗಟ್ಟಿ ಭಾಗ ಮಾತ್ರ ದುಂಡಗೆ ಉಳಿಯುತ್ತದೆ. ಸುತ್ತಲೂ ಮಣ್ಣು, ಕೆಳಗೂ ಮಣ್ಣೇ. ಬಂಡೆ ಸಿಕ್ಕಿತು ಎಂದು ಅದರ ಮೇಲೆ ಪಾಯ ಕೂರಿಸಿದರೆ ಬಂಡೆಯೇ ವಾಲಬಹುದು. ಅದರ ನಾಲ್ಕೂ ಕಡೆ ಅಗೆದು ನೋಡಿ. ಬುಡ ಕಾಣಿಸಿದರೆ ಒಡೆಸಿ ತೆಗೆಯಿರಿ. ಸಿಡಿಮದ್ದು ಮಾತ್ರ ಬೇಡ. ಅದಕ್ಕೆ ಪರವಾನಗಿ ಬೇಕು ಎನ್ನುವುದು ಒಂದು. ಚೆನ್ನಾಗಿರುವ ಪಕ್ಕದ ಬಂಡೆಯೂ ಬಿರುಕು ಬಿಡುತ್ತದೆ ಎನ್ನುವುದು ಇನ್ನೂ ಮುಖ್ಯ. ಬ್ರೇಕರ್ ಇಟ್ಟು ಒಡೆಸಿ.

ನಿಮ್ಮ ಮುಂದೆ ಕೆಲವು ದಾರಿಗಳಿವೆ. ಜಾಗ ದೊಡ್ಡದಿದ್ದರೆ ಮನೆಯನ್ನೇ ಸ್ವಲ್ಪ ಸರಿಸಿ, ಪೂರ್ತಿ ಬಂಡೆಯ ಮೇಲೆ ಬರುವಂತೆ ಮಾಡುವುದು ನನಗೆ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ. ಪ್ಲಾನ್ ಬದಲಿಸಬೇಕಾಗುತ್ತದೆ, ಬೇಸರವಾಗಬಹುದು, ಆದರೆ ಈಗ ಇನ್ನೂ ಪಾಯದ ಹಂತದಲ್ಲೇ ಇದ್ದೀರಿ. ಅದು ಆಗದಿದ್ದರೆ ಮಣ್ಣಿನ ಬದಿಯನ್ನು ಗಟ್ಟಿ ಗೊಚ್ಚು ಅಥವಾ ಬಂಡೆ ಸಿಗುವವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಖರ್ಚು ಜಾಸ್ತಿ. ಜೊತೆಗೆ ಇಳಿಜಾರಿನಲ್ಲಿ ಆಳದ ಗುಂಡಿ ತೆಗೆದಾಗ ಮೇಲಿನ ಮಣ್ಣು ಜಾರದಂತೆ ಕಾಯಬೇಕು, ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸ ಕೂಡದು. ಮೂರನೆಯದು ಪಿಲ್ಲರ್ ಹಾಕಿ, ಎಲ್ಲ ಪಿಲ್ಲರ್‌ಗಳನ್ನು ಬೀಮಿನಿಂದ ಕಟ್ಟುವುದು. ಇದು ಸರಿಯಾಗಿ ಆಗಬೇಕಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಸೈಟಿಗೆ ಬಂದು ಮಣ್ಣು ನೋಡಿ ಲೆಕ್ಕ ಹಾಕಿರಬೇಕು. ಮೇಲಿನ ಬದಿ ಕಡಿದು ಆ ಮಣ್ಣನ್ನೇ ಕೆಳಗಿನ ಬದಿಗೆ ತುಂಬಿ ಸಮ ಮಾಡಿ ಕಟ್ಟುವುದು ಎಲ್ಲಕ್ಕಿಂತ ಅಗ್ಗ, ಎಲ್ಲರೂ ಮಾಡುತ್ತಾರೆ. ನಿಮ್ಮ ಜಾಗದಲ್ಲಿ ದಯವಿಟ್ಟು ಅದನ್ನು ಮಾಡಬೇಡಿ.

ಯಾಕೆಂದರೆ ಇಳಿಜಾರಿನ ಮಾತು ಬೇರೆಯೇ ಇದೆ. 2018ರಲ್ಲಿ ಕೊಡಗು ಮತ್ತು ಶಿರಾಡಿ ಘಾಟಿಯಲ್ಲಿ, 2019ರಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಕಡೆ ಹೆಚ್ಚಾಗಿ ಜಾರುವುದು ಬಂಡೆಯಲ್ಲ, ಅದರ ಮೇಲೆ ಕೂತ ದಪ್ಪ ಕೊಳೆತ ಮಣ್ಣು. ದಿನಗಟ್ಟಲೆ ಮಳೆ ಹೊಯ್ದಾಗ ನೀರು ಮಣ್ಣಿನಲ್ಲಿ ಇಂಗಿ ಬಂಡೆಯ ಮೇಲ್ಮೈ ತಲುಪಿ ಅಲ್ಲೇ ನಿಲ್ಲುತ್ತದೆ. ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಕೆಳಗೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದರೆ ಅದಕ್ಕೆ ಆಸರೆಯೂ ಇರುವುದಿಲ್ಲ. ನಿಮ್ಮ ಜಾಗದ ಮೇಲ್ಭಾಗಕ್ಕೆ ಒಮ್ಮೆ ನಡೆದು ಹೋಗಿ. ನೆಲದಲ್ಲಿ ಅಡ್ಡಡ್ಡ ಬಿರುಕು ಇದೆಯಾ, ಮರಗಳು ಕೆಳಕ್ಕೆ ವಾಲಿವೆಯಾ, ಮಳೆಗಾಲದಲ್ಲಿ ಹೊಸ ಜಾಗದಲ್ಲಿ ನೀರು ಜಿನುಗುತ್ತದಾ ನೋಡಿ. ಇವುಗಳಲ್ಲಿ ಒಂದಿದ್ದರೂ ಕೆಲಸ ನಿಲ್ಲಿಸಿ ಸ್ಥಳಕ್ಕೆ ಭೂವಿಜ್ಞಾನಿಯನ್ನು ಕರೆಸಿ. ಯಾವುದೂ ಇಲ್ಲದಿದ್ದರೂ ಮನೆಯ ಹಿಂದಿನ ಕಡಿತಕ್ಕೆ ತಡೆಗೋಡೆ ಬೇಕು, ಅದರಲ್ಲಿ ನೀರು ಹೊರಬರಲು ತೂತುಗಳು ಬೇಕು. ತೂತಿಲ್ಲದ ತಡೆಗೋಡೆ ನೀರನ್ನು ಹಿಂದೆ ಹಿಡಿದಿಟ್ಟುಕೊಂಡು ತಾನೇ ಉರುಳುತ್ತದೆ. ಕಡಿತದ ಮೇಲೆ ಒಂದು ಕಾಲುವೆ ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಮಾಡಿದೆ, ನಿಮ್ಮ ಎಂಜಿನಿಯರ್‌ಗೆ ನೋಡಲು ಹೇಳಿ. ಆದರೆ ನಕ್ಷೆಯಲ್ಲಿ ಇಡೀ ಗುಡ್ಡ ಒಂದು ಬಣ್ಣದಲ್ಲಿರುತ್ತದೆ, ನಿಮ್ಮ ಒಂದು ಸೈಟಿನ ತೀರ್ಮಾನವನ್ನು ಅದರಿಂದ ಮಾಡಲಾಗದು.

ಮೇಸ್ತ್ರಿಯವರ ಮಾತು ಗೋಡೆಯ ಮಟ್ಟಿಗೆ ಸರಿ. ಪಟ್ಟೆ ಅಡ್ಡಕ್ಕೆ ಮಲಗಿರುವಂತೆ ಕಲ್ಲು ಕೂರಿಸಲು ಹೇಳಿ. ಒಳ್ಳೆಯ ಮೇಸ್ತ್ರಿಗೆ ಇದು ಗೊತ್ತೇ ಇರುತ್ತದೆ. ಪಟ್ಟೆ ನಿಂತಿರುವಂತೆ ಕೂರಿಸಿದರೆ ವರ್ಷಗಳು ಕಳೆದಂತೆ ನೀರು ಇಳಿದು ಎದುರಿನ ಭಾಗ ಚಕ್ಕೆ ಏಳಬಹುದು. ಕಾಗೆಬಂಗಾರ ತುಂಬಾ ಇರುವ, ಕೈಯಲ್ಲಿ ತಿಕ್ಕಿದರೆ ಪುಡಿಯಾಗುವ ಕಲ್ಲುಗಳನ್ನು ಲೋಡಿನಿಂದ ಆರಿಸಿ ಪಕ್ಕಕ್ಕಿಡಿ. ಕಾಂಪೌಂಡಿಗೂ ಅವು ಬೇಡ. ಪಾಯದಲ್ಲಿ ಸಿಕ್ಕ ಲಾವಾ ಕಲ್ಲನ್ನು ಎಸೆಯಬೇಡಿ, ತಾಜಾ ಇರುವುದು ಗೋಡೆಗೂ ಆಗುತ್ತದೆ, ತಡೆಗೋಡೆಗೂ ಆಗುತ್ತದೆ.

ಕಲ್ಲಿನ ಗುಣ ನೋಡಿ ಕೆಲಸ ಹೇಳುವುದು ನಮ್ಮ ಕಡೆಯ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಬೇಲೂರು, ಹಳೇಬೀಡಿನ ದೇವಾಲಯಗಳು ಬಳಪದ ಕಲ್ಲಿನವು. ಅದು ಕೂಡ ಹಳೆಯ ಅಗ್ನಿಶಿಲೆ ಬದಲಾಗಿ ಆದ ರೂಪಾಂತರ ಶಿಲೆ, ಅದರ ಖನಿಜಗಳನ್ನು ಉಗುರಿನಿಂದ ಗೀಚಬಹುದು. ಅದಕ್ಕೇ ಆಭರಣದ ಎಳೆ ಎಳೆಯನ್ನೂ ಅಲ್ಲಿ ಬಿಡಿಸಲು ಸಾಧ್ಯವಾಯಿತು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ ಗ್ರಾನೈಟ್. ಉಳಿಗೆ ಸುಲಭಕ್ಕೆ ಬಗ್ಗದ ಕಲ್ಲು, ಹಾಗಾಗಿ ನುಣುಪಾದ ದೊಡ್ಡ ಮೈ, ಕಡಿಮೆ ಕುಸುರಿ. ಸಾವಿರ ವರ್ಷ ಬಿಸಿಲು ಮಳೆಗೆ ನಿಂತರೂ ಮುಖ ಮಾಸಿಲ್ಲ.

ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ನಿಂಬೆರಸ, ಹುಣಸೆರಸ, ಮಜ್ಜಿಗೆ ಬಿದ್ದ ಕಡೆಯೆಲ್ಲ ಹುಳಿ ಅದನ್ನು ತಿಂದು ಹೊಳಪು ಹೋಗುತ್ತದೆ. ಶಹಾಬಾದ್ ಕಲ್ಲೂ ಹಾಗೆಯೇ, ನೆಲಕ್ಕೆ ಚೆನ್ನ, ಕಟ್ಟೆಗೆ ಅಲ್ಲ. ಕಪಾಟಿನ ಅಡ್ಡ ಹಲಗೆಗಳಿಗೆ ಕಡಪ ಸಾಕು, ದುಡ್ಡೂ ಉಳಿಯುತ್ತದೆ. ಅಂಗಡಿಯಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಎಂದು ತೋರಿಸುವುದು ಸಾಮಾನ್ಯವಾಗಿ ಡಾಲರೈಟ್ ಅಥವಾ ಗ್ಯಾಬ್ರೊ. ಹೆದರಬೇಡಿ, ಕಟ್ಟೆಗೆ ಅದೂ ಒಳ್ಳೆಯದೇ. ಅನುಮಾನ ಬಂದರೆ ಸ್ಯಾಂಪಲ್ ಚೂರಿನ ಮೇಲೆ ನಿಂಬೆರಸ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿದಾಗ ಮಾಸಲು ಕಲೆ ಉಳಿದಿದ್ದರೆ ಅದರಲ್ಲಿ ಸುಣ್ಣವಿದೆ.

ಬೋರ್‌ವೆಲ್ ವಿಷಯದಲ್ಲಿ ಕೊರೆಯುವವರು ಹೇಳಿದ್ದು ಪೂರ್ತಿ ಸರಿಯಲ್ಲ. ಮರಳುಗಲ್ಲಿನಲ್ಲಿ ಕಣಗಳ ಸಂದಿನಲ್ಲೇ ನೀರು ನಿಲ್ಲುತ್ತದೆ. ಗ್ರಾನೈಟ್, ನೈಸ್, ನಿಮ್ಮ ಲಾವಾ ಕಲ್ಲಿನಲ್ಲಿ ಹರಳುಗಳು ಹೆಣೆದುಕೊಂಡಿರುವುದರಿಂದ ಅಂಥ ಸಂದು ಇರುವುದಿಲ್ಲ. ಆದರೆ ಮೇಲಿನ ಕೊಳೆತ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ನೀರಿರುತ್ತದೆ. ಹಾಸನ, ಚಿಕ್ಕಮಗಳೂರಿನ ಬೋರ್‌ಗಳೆಲ್ಲ ಕುಡಿಯುತ್ತಿರುವುದು ಆ ಬಿರುಕಿನ ನೀರನ್ನೇ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಇನ್ನಷ್ಟು ಆಳ ಹೋದರೆ ನೀರು ಖಂಡಿತ ಎನ್ನುವ ಮಾತಿಗೆ ಮರುಳಾಗಬೇಡಿ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಅಡಿಗೆ ಇಷ್ಟು ಎಂದು ಬಿಲ್ ಮಾತ್ರ ಏರುತ್ತದೆ. ತೆಂಗಿನಕಾಯಿ, ಕಡ್ಡಿ ಹಿಡಿದು ಪಾಯಿಂಟ್ ಹೇಳುವವರ ಬದಲು, ವಿದ್ಯುತ್ ಹರಿಸಿ ನೆಲದ ಪದರಗಳನ್ನು ಅಳೆಯುವ ಸರ್ವೆ ಮಾಡಿಸಿ. ಅದೂ ನೂರಕ್ಕೆ ನೂರು ಅಲ್ಲ, ಆದರೆ ಕೊಳೆತ ಪದರ ಎಷ್ಟು ದಪ್ಪ, ಬಿರುಕು ಇರಬಹುದಾದ ಜಾಗ ಯಾವುದು ಎನ್ನುವುದಕ್ಕೆ ಒಂದು ಆಧಾರ ಸಿಗುತ್ತದೆ. ಬೋರನ್ನು ತಡೆಗೋಡೆಯಿಂದ ದೂರ ಇಡಿ. ಟಾಯ್ಲೆಟ್ ಗುಂಡಿಯಿಂದ ಇನ್ನೂ ದೂರ, ಅದಕ್ಕಿಂತ ಮೇಲ್ಭಾಗದಲ್ಲಿ ಇರಲಿ, ಯಾಕೆಂದರೆ ಬಿರುಕಿನಲ್ಲಿ ಹರಿಯುವ ನೀರನ್ನು ಮಣ್ಣು ಸೋಸುವುದಿಲ್ಲ. ನೀರು ಬಂದ ಮೇಲೆ ಕುಡಿಯುವ ಮೊದಲು ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಗ್ರಾನೈಟ್, ನೈಸ್ ಪ್ರದೇಶದ ಆಳದ ನೀರಿನಲ್ಲಿ ಕೆಲವು ಕಡೆ ಫ್ಲೋರೈಡ್ ಇರುತ್ತದೆ. ಅದು ರುಚಿಯಲ್ಲಿ ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರನ್ನು ತೋಟಕ್ಕೆ, ಪಾತ್ರೆ ತೊಳೆಯಲು ಬಳಸಿ. ಕುಡಿಯಲು, ಅಡುಗೆಗೆ ಚಾವಣಿಯ ಮಳೆನೀರು ಹಿಡಿದಿಟ್ಟುಕೊಳ್ಳುವ ತೊಟ್ಟಿಯನ್ನು ಈಗಲೇ ಪ್ಲಾನ್‌ನಲ್ಲಿ ಸೇರಿಸಿ.